ಸೊಂಟಕ್ಕೆ ಹಾಕಿದ ಬಾಲ್ ಎಷ್ಟು ವರ್ಷ ಬರ್ತದೆ?

ಹೆದ್ದಾರಿ ಬದಿಯ ಫಲಕದಲ್ಲಿ ‘ರೋಬೊ ನೆರವಿನ ಕೀಲು ಬದಲಾವಣೆ’ ಎಂದು ದೊಡ್ಡ ಅಕ್ಷರಗಳು. ಫೋನಿಗೆ ಫಾರ್ವರ್ಡ್ ಆಗಿ ಬರುವ ಸುದ್ದಿ ಹೇಳುವುದು ಬೇರೆ ಕಥೆ. ಅಮೆರಿಕದ ಔಷಧ ನಿಯಂತ್ರಣ ಸಂಸ್ಥೆ ಎಫ್‌ಡಿಎ 2024ರ ಸೆಪ್ಟೆಂಬರ್‌ನಲ್ಲಿ ಜಿಮ್ಮರ್ ಬಯೋಮೆಟ್ ಕಂಪನಿಯ ‘ಸಿಪಿಟಿ’ ಎಂಬ ಕೃತಕ ಸೊಂಟದ ಬಗ್ಗೆ ಎಚ್ಚರಿಕೆ ಕೊಟ್ಟಿತು. ಅದನ್ನು ಹಾಕಿಸಿಕೊಂಡವರಲ್ಲಿ ತೊಡೆಮೂಳೆ ಮುರಿಯುವ ಅಪಾಯ ಅಂಥದ್ದೇ ಬೇರೆ ಮಾದರಿಗಳಿಗಿಂತ ಜಾಸ್ತಿ ಎಂದಿತು. ಅದಕ್ಕೂ ಮೊದಲು, 2021-22ರಲ್ಲಿ, ಎಕ್ಸಾಕ್‌ಟೆಕ್ ಎಂಬ ಇನ್ನೊಂದು ಕಂಪನಿ ತನ್ನ ಕೃತಕ ಕೀಲುಗಳ ಪ್ಲಾಸ್ಟಿಕ್ ಭಾಗಗಳನ್ನು ವಾಪಸ್ ಕರೆಸಿಕೊಂಡಿತ್ತು. ಕಾರಣ, ಅವುಗಳನ್ನು ತುಂಬಿಟ್ಟ ಚೀಲ ಸರಿ ಇರಲಿಲ್ಲ!

ಇಷ್ಟನ್ನು ಓದಿದವರಿಗೆ ತಲೆ ಕೆಡುವುದು ಸಹಜ. ಮಂಗಳೂರು, ಉಡುಪಿಯ ಆಸ್ಪತ್ರೆಗಳಲ್ಲಿ ಮೂಳೆ ವಿಭಾಗದ ಹೊರಗೆ ಕೂತವರೆಲ್ಲ ಕೇಳುವುದು ಒಂದೇ ಪ್ರಶ್ನೆ: ‘ಡಾಕ್ಟ್ರೇ, ಇದು ಎಷ್ಟು ವರ್ಷ ಬರ್ತದೆ?’ ಮಿಕ್ಸಿಗೋ ಪಂಪ್‌ಸೆಟ್‌ಗೋ ಕೇಳುವ ಹಾಗೆಯೇ ಕೇಳುತ್ತಾರೆ. ತಪ್ಪೇನಿಲ್ಲ. ಆದರೆ ಉತ್ತರ ಮಿಕ್ಸಿಯದ್ದಕ್ಕಿಂತ ತುಸು ಉದ್ದ. ಈ ಸಾಮಾನು ಕೂರುವ ಜಾಗಕ್ಕೇ ಜೀವ ಇದೆ.

ಮೊದಲು, ‘ಸೊಂಟ’ ಅಂದರೆ ಯಾವುದು?

ನಮ್ಮ ಮಾತಿನಲ್ಲಿ ‘ಸೊಂಟ ನೋವು’ ಅಂದರೆ ಹೆಚ್ಚಾಗಿ ಬೆನ್ನಿನ ಕೆಳಭಾಗದ ನೋವು. ಇಲ್ಲಿ ಹೇಳುತ್ತಿರುವುದು ಅದಲ್ಲ. ತೊಡೆಮೂಳೆಯ ಮೇಲ್ತುದಿಯಲ್ಲಿ ಒಂದು ಚೆಂಡಿದೆ. ಅದು ಕೂರಲು ಸೊಂಟದ ಮೂಳೆಯಲ್ಲಿ ಒಂದು ಬಟ್ಟಲಿದೆ. ಈ ಕೀಲು ಹಾಳಾದರೆ ನೋವು ಹೆಚ್ಚಾಗಿ ತೊಡೆಸಂದಿನಲ್ಲಿ ಬರುತ್ತದೆ, ಕೆಲವರಿಗೆ ಮಂಡಿಯಲ್ಲೂ ಬರುತ್ತದೆ.

ಆಪರೇಷನ್‌ನಲ್ಲಿ ಚೆಂಡನ್ನು ಕತ್ತರಿಸಿ ತೆಗೆಯುತ್ತಾರೆ. ತೊಡೆಮೂಳೆಯ ಒಳಗಿನ ಪೊಳ್ಳಿಗೆ ಲೋಹದ ಒಂದು ಕಾಂಡ ಇಳಿಸುತ್ತಾರೆ. ಅದರ ತಲೆಗೆ ಹೊಸ ಚೆಂಡು. ಬಟ್ಟಲನ್ನು ಕೊರೆದು, ಅಲ್ಲಿ ಹೊಸ ಕಪ್ ಕೂರಿಸಿ, ಒಳಗೆ ಪ್ಲಾಸ್ಟಿಕ್ ಅಥವಾ ಸೆರಾಮಿಕ್ ಲೈನರ್ ಹಾಕುತ್ತಾರೆ. ಇದು ಪೂರ್ತಿ ಬದಲಾವಣೆ. ಬಿದ್ದು ಮೂಳೆ ಮುರಿದ ತುಂಬಾ ವಯಸ್ಸಾದವರಿಗೆ ಎಷ್ಟೋ ಸಲ ಚೆಂಡು ಮಾತ್ರ ಬದಲಿಸುತ್ತಾರೆ, ಬಟ್ಟಲನ್ನು ಮುಟ್ಟುವುದಿಲ್ಲ. ಊರಿನಲ್ಲಿ ಎರಡಕ್ಕೂ ‘ಬಾಲ್ ಹಾಕಿದ್ದಾರೆ’ ಎಂದೇ ಹೇಳುವುದು. ಪಕ್ಕದ ಮನೆಯ ಅಜ್ಜಿಯದ್ದನ್ನೂ ಐವತ್ತು ವರ್ಷದ ಅಡಿಕೆ ಕೃಷಿಕರದ್ದನ್ನೂ ಹೋಲಿಸಿ ಗಾಬರಿಯಾಗುವುದಕ್ಕೆ ಅರ್ಧ ಕಾರಣ ಇದು.

58 ಎಂಬ ಸಂಖ್ಯೆ

ಎಷ್ಟು ವರ್ಷ ಎಂಬುದಕ್ಕೆ ಎಲ್ಲರೂ ಎತ್ತಿಕೊಳ್ಳುವ ಅಂಕಿ 2019ರಲ್ಲಿ ‘ಲ್ಯಾನ್ಸೆಟ್’ ಪತ್ರಿಕೆಯಲ್ಲಿ ಬಂದ ಒಂದು ಅಧ್ಯಯನದ್ದು. ಆಸ್ಟ್ರೇಲಿಯಾ ಮತ್ತು ಫಿನ್ಲೆಂಡಿನ ದಾಖಲೆಗಳನ್ನು ಒಟ್ಟು ಮಾಡಿ ಲೆಕ್ಕ ಹಾಕಿದರು. 15 ವರ್ಷಕ್ಕೆ ಸುಮಾರು ಶೇ 89, 20 ವರ್ಷಕ್ಕೆ ಸುಮಾರು ಶೇ 70, 25 ವರ್ಷಕ್ಕೆ ಸುಮಾರು ಶೇ 58ರಷ್ಟು ಕೃತಕ ಸೊಂಟಗಳು ಮತ್ತೆ ಆಪರೇಷನ್ ಇಲ್ಲದೆ ಉಳಿದಿದ್ದವು.

ಇದನ್ನು ಒಬ್ಬರು ‘ಅರ್ಧಕ್ಕರ್ಧ ಕೆಡ್ತದೆ’ ಎಂದು ಓದುತ್ತಾರೆ, ಇನ್ನೊಬ್ಬರು ‘25 ವರ್ಷ ಗ್ಯಾರಂಟಿ’ ಎಂದು ಓದುತ್ತಾರೆ. ಎರಡೂ ಸರಿಯಲ್ಲ. 25 ವರ್ಷದ ಲೆಕ್ಕ ಸಿಗಬೇಕಾದರೆ ಆ ಕೀಲನ್ನು ಹಾಕಿ 25 ವರ್ಷ ಕಳೆದಿರಬೇಕು ಅಲ್ವಾ? ಅಂದರೆ ಅವು 1990ರ ಆಸುಪಾಸಿನ ಕೀಲುಗಳು. ಆಗಿನ ಪ್ಲಾಸ್ಟಿಕ್ ಬೇರೆ, ಈಗಿನದು ಬೇರೆ. ಈಗ ಹಾಕುತ್ತಿರುವ ಕೀಲಿನ 25 ವರ್ಷದ ಲೆಕ್ಕ ಯಾರ ಹತ್ತಿರವೂ ಇರಲು ಸಾಧ್ಯವಿಲ್ಲ. ಅದು ಹಳೆಯದಕ್ಕಿಂತ ಚೆನ್ನಾಗಿರುತ್ತದೆ ಎಂದು ನಂಬಲು ಒಳ್ಳೆಯ ಕಾರಣಗಳಿವೆ. ಆದರೆ ‘ಜೀವನಪೂರ್ತಿ’ ಎಂದು ಫಲಕದಲ್ಲಿ ಬರೆಯುವುದು ವ್ಯಾಪಾರದ ಮಾತು.

ಲೋಹ ಗಟ್ಟಿ, ಕರಗುವುದು ಮೂಳೆ

ಕೃತಕ ಸೊಂಟ ಕೆಡುವುದು ಎಂದರೆ ಲೋಹ ತುಂಡಾಗುವುದು ಎಂದು ಹೆಚ್ಚಿನವರ ಕಲ್ಪನೆ. ಅದು ಆಗುವುದುಂಟು, ಆದರೆ ಅಪರೂಪ. ಹೆಚ್ಚಾಗಿ ಆಗುವುದು ಸಡಿಲ. ಮರದ ಕಂಬ ಗಟ್ಟಿಯಾಗಿಯೇ ಇದ್ದು ಬುಡದ ಮಣ್ಣು ಮಳೆಗೆ ಕೊಚ್ಚಿಹೋದರೆ ಹೇಗೋ ಹಾಗೆ. ಸೊಂಟದೊಳಗೆ ಈ ಮಣ್ಣು ಕೊಚ್ಚುವ ಕೆಲಸ ಹೇಗೆ ನಡೆಯುತ್ತದೆ ಎಂಬುದನ್ನು ನಿಧಾನವಾಗಿ ನೋಡಬೇಕು. ಇಡೀ ವಿಷಯದ ಹುರುಳು ಇಲ್ಲಿದೆ.

ನಡೆಯುವಾಗ ಸೊಂಟದ ಕೀಲಿನ ಮೇಲೆ ಬೀಳುವ ಭಾರ ಮೈತೂಕದ ಎರಡೂವರೆ ಪಟ್ಟಿನಷ್ಟು. ಅರುವತ್ತು ಕಿಲೋ ತೂಗುವವರ ಕೀಲು ಒಂದೊಂದು ಹೆಜ್ಜೆಗೂ ಒಂದೂವರೆ ಕ್ವಿಂಟಾಲ್ ಹೊರುತ್ತದೆ. ಎಡವಿದರೆ ಇದು ಇನ್ನೂ ಹಲವು ಪಟ್ಟು ಏರುತ್ತದೆ. ಪ್ರಯೋಗಾಲಯದಲ್ಲಿ ಕೀಲುಗಳನ್ನು ಪರೀಕ್ಷಿಸುವವರು ಒಂದು ವರ್ಷದ ಬಳಕೆ ಅಂದರೆ ಹತ್ತು ಲಕ್ಷ ಸಲ ಉಜ್ಜುವುದು ಎಂದು ಲೆಕ್ಕ ಹಿಡಿಯುತ್ತಾರೆ. ಇಷ್ಟು ಭಾರದಲ್ಲಿ ಇಷ್ಟು ಸಲ ಉಜ್ಜಿದರೆ ಲೈನರಿನ ಪ್ಲಾಸ್ಟಿಕ್ ಸವೆಯಲೇಬೇಕು. ಹಳೆಯ ಪ್ಲಾಸ್ಟಿಕ್ ವರ್ಷಕ್ಕೆ ಸುಮಾರು 0.1 ಮಿಲಿಮೀಟರ್ ಸವೆಯುತ್ತಿತ್ತು.

ಅಷ್ಟು ಸವೆದರೆ ಏನು ಮಹಾ ಅನ್ನಿಸಬಹುದು. ಸವೆದದ್ದಕ್ಕಿಂತ ಉದುರಿದ್ದು ತೊಂದರೆ ಕೊಡುತ್ತದೆ. ಆ ಪುಡಿ ಕಣ್ಣಿಗೆ ಕಾಣದಷ್ಟು ಸಣ್ಣದು. ಮೈಯ ರಕ್ಷಣಾ ಕೋಶಗಳು ಅದನ್ನು ಹೊರಗಿನ ಶತ್ರು ಎಂದುಕೊಂಡು ನುಂಗುತ್ತವೆ. ರೋಗಾಣುವನ್ನು ನುಂಗಿದರೆ ಅರಗಿಸಬಹುದು, ಪ್ಲಾಸ್ಟಿಕ್ ಅರಗುವುದಿಲ್ಲ. ಅರಗದ್ದನ್ನು ನುಂಗಿದ ಕೋಶಗಳು ‘ಇಲ್ಲಿ ತೊಂದರೆ ಇದೆ’ ಎಂಬ ರಾಸಾಯನಿಕ ಸುದ್ದಿ ಹರಡುತ್ತವೆ. ಆ ಸುದ್ದಿ ಕೇಳಿ ಮೂಳೆ ತಿನ್ನುವ ಕೋಶಗಳು ಎಚ್ಚರಗೊಳ್ಳುತ್ತವೆ. ಹಳೆಯ ಮೂಳೆಯನ್ನು ತಿಂದು ಹೊಸದಕ್ಕೆ ಜಾಗ ಮಾಡುವುದು ಅವುಗಳ ದಿನನಿತ್ಯದ ಕೆಲಸ. ಈಗ ಮಾತ್ರ ಅಳತೆ ಮೀರಿ ತಿನ್ನುತ್ತವೆ. ಕಪ್ಪಿನ ಹಿಂದೆ, ಕಾಂಡದ ಸುತ್ತ ಪೊಳ್ಳಾಗುತ್ತದೆ. ಪೊಳ್ಳು ದೊಡ್ಡದಾದ ಮೇಲೆ ಕೀಲು ಅಲುಗುತ್ತದೆ, ಅಲುಗಿದರೆ ಇನ್ನಷ್ಟು ಪುಡಿ.

ಇದರ ಅತಿ ಕೆಟ್ಟ ಗುಣ ಅಂದರೆ ಮೌನ. ಮೂಳೆ ಕರಗುವಾಗ ನೋವಾಗುವುದಿಲ್ಲ. ಕಾಂಡ ಅಲುಗಲು ಶುರುವಾದ ಮೇಲೆ ನೋವು. ಕುರ್ಚಿಯಿಂದ ಎದ್ದು ಮೊದಲ ನಾಲ್ಕು ಹೆಜ್ಜೆ ಇಡುವಾಗ ತೊಡೆಯಲ್ಲಿ ಛಳಕು, ಮತ್ತೆ ಕಡಿಮೆಯಾಗುತ್ತದೆ. ಅಷ್ಟು ಹೊತ್ತಿಗೆ ಒಳಗೆ ಸಾಕಷ್ಟು ಮೂಳೆ ಹೋಗಿರುತ್ತದೆ. ‘ನೋವಿಲ್ಲ, ಸುಮ್ನೆ ಎಕ್ಸ್‌ರೇ ಯಾಕೆ’ ಎಂದು ಫಾಲೋಅಪ್ ಬಿಡುವವರು ಗಮನಿಸಬೇಕಾದ ಸಂಗತಿ ಇದು. ಪೊಳ್ಳು ಎಕ್ಸ್‌ರೇಯಲ್ಲಿ ಮೊದಲು ಕಾಣುತ್ತದೆ, ಮೈಗೆ ಆಮೇಲೆ ಗೊತ್ತಾಗುತ್ತದೆ.

ಈ ಪಾಠ ಕಲಿಯಲು ವೈದ್ಯಲೋಕಕ್ಕೆ ಸಾಕಷ್ಟು ಕಾಲ ಹಿಡಿಯಿತು. ಇಂಗ್ಲೆಂಡಿನ ರೈಟಿಂಗ್ಟನ್ ಆಸ್ಪತ್ರೆಯ ಜಾನ್ ಚಾರ್ನ್‌ಲಿ ಮೊದಲು ಬಟ್ಟಲಿಗೆ ಟೆಫ್ಲಾನ್ ಬಳಸಿದರು. ನುಣುಪು ಚೆನ್ನಾಗಿದೆ, ಉಜ್ಜಾಟ ಕಡಿಮೆ ಎಂಬ ಲೆಕ್ಕ. ಕೆಲವೇ ವರ್ಷದಲ್ಲಿ ಎಲ್ಲ ಸವೆದುಹೋಯಿತು. 1962ರ ಕೊನೆಯಲ್ಲಿ ಅವರು ಪಾಲಿಎಥಿಲೀನ್‌ಗೆ ಬದಲಾದರು. ಎರಡೂ ಪ್ಲಾಸ್ಟಿಕ್‌ಗಳ ಚೂರನ್ನು ತಮ್ಮ ತೊಡೆಗೇ ಹಾಕಿಸಿಕೊಂಡು ಮೈ ಹೇಗೆ ಪ್ರತಿಕ್ರಿಯಿಸುತ್ತದೆ ಎಂದು ನೋಡಿದ ಮನುಷ್ಯ ಅವರು. ಇವತ್ತಿನ ಕೃತಕ ಸೊಂಟದ ವಂಶ ಅಲ್ಲಿಂದ ಶುರು.

1990ರ ದಶಕದ ಕೊನೆಗೆ ವಿಕಿರಣ ಕೊಟ್ಟು ಗಟ್ಟಿ ಮಾಡಿದ ಪಾಲಿಎಥಿಲೀನ್ ಬಂತು. ಇದು ಹಳೆಯದಕ್ಕಿಂತ ತೀರಾ ಕಡಿಮೆ ಸವೆಯುತ್ತದೆ. ಆದ್ದರಿಂದ ಮೇಲೆ ಹೇಳಿದ ಮೂಳೆ ಕರಗುವ ಸರಪಳಿ ಈಗ ಮೊದಲಿನಷ್ಟು ಕಾಣುವುದಿಲ್ಲ. ಆದರೂ ಪ್ಲಾಸ್ಟಿಕ್ ಪ್ಲಾಸ್ಟಿಕ್ಕೇ. ಅಂಗಳದಲ್ಲಿ ಬಿಟ್ಟ ಕುರ್ಚಿ ನಾಲ್ಕು ಬೇಸಗೆಗೆ ಹೇಗೆ ಪುಡಿಪುಡಿಯಾಗುತ್ತದೆ ಎಂದು ನೋಡಿದ್ದೇವೆ. ಅದಕ್ಕೆ ಬಿಸಿಲೂ ಬೇಕು, ಆಮ್ಲಜನಕವೂ ಬೇಕು. ವಿಕಿರಣ ತಾಗಿದ ಪ್ಲಾಸ್ಟಿಕ್‌ಗೆ ಆಮ್ಲಜನಕ ಸೋಕಿದರೆ ಪೆಟ್ಟಿಗೆಯ ಒಳಗೂ ಅದು ಮುದಿಯಾಗುತ್ತದೆ. ಆರಂಭದಲ್ಲಿ ಹೇಳಿದ ಚೀಲದ ಕಥೆ ಇಷ್ಟೇ: ಗಾಳಿ ತಡೆಯುವ ಒಂದು ಪದರ ಚೀಲದಲ್ಲಿ ಇರಲಿಲ್ಲ. ಕೀಲು ರೋಗಿಯ ಮೈ ಸೇರುವ ಮೊದಲೇ ಅದರ ಆಯಸ್ಸು ಕಡಿಮೆಯಾಗಲು ಶುರುವಾಗಿತ್ತು.

ಗಾರೆ ಹಾಕುವುದೋ, ಮೂಳೆಗೇ ಬಿಡುವುದೋ

ಕಾಂಡವನ್ನು ಮೂಳೆಗೆ ಹಿಡಿಸುವುದು ಎರಡು ಬಗೆ. ಒಂದು ಬೋನ್ ಸಿಮೆಂಟ್. ಹೆಸರು ಸಿಮೆಂಟ್, ವಸ್ತು ಅಕ್ರಿಲಿಕ್. ಅನೇಕರು ಇದನ್ನು ಅಂಟು ಎಂದುಕೊಳ್ಳುತ್ತಾರೆ. ಅಂಟಿಸುವ ಗುಣ ಅದಕ್ಕಿಲ್ಲ. ಮುರಕಲ್ಲಿನ ಗೋಡೆಗೆ ಗಾರೆ ಹೇಗೆ ಹಿಡಿಯುತ್ತದೆ? ಕಲ್ಲಿನ ತೂತುಗಳ ಒಳಗೆ ಇಳಿದು, ಗಟ್ಟಿಯಾಗಿ, ಕಚ್ಚಿಕೊಳ್ಳುತ್ತದೆ. ಇಲ್ಲೂ ಹಾಗೆಯೇ. ಮೂಳೆಯ ಒಳಮೈ ಜೇನುಗೂಡಿನಂತೆ ತೂತುತೂತು. ಅದನ್ನು ಚೆನ್ನಾಗಿ ತೊಳೆದು, ರಕ್ತ ಒರೆಸಿ, ಕೆಳಗೆ ಬಿರಡೆ ಹಾಕಿ, ಒತ್ತಡ ಕೊಟ್ಟು ಸಿಮೆಂಟ್ ತುಂಬಿದರೆ ಹಿಡಿತ ದಶಕಗಟ್ಟಲೆ ನಿಲ್ಲುತ್ತದೆ. ಸರಿಯಾಗಿ ತೊಳೆಯದೆ ತುಂಬಿದರೆ ನಿಲ್ಲುವುದಿಲ್ಲ. ಮೇಸ್ತ್ರಿಗಳಿಗೆ ಈ ಮಾತು ಬೇಗ ಅರ್ಥವಾಗುತ್ತದೆ.

ಇನ್ನೊಂದು ಬಗೆಯಲ್ಲಿ ಸಿಮೆಂಟ್ ಇಲ್ಲ. ಟೈಟಾನಿಯಂ ಕಾಂಡದ ಹೊರಮೈಯನ್ನು ಒರಟು ಮಾಡಿ, ಎಷ್ಟೋ ಕಾಂಡಗಳಿಗೆ ಮೂಳೆಯಲ್ಲೇ ಇರುವಂಥ ಖನಿಜದ ಲೇಪ ಕೊಟ್ಟು, ಬಿಗಿಯಾಗಿ ಬಡಿದು ಕೂರಿಸುತ್ತಾರೆ. ಮೂಳೆ ಮೆಲ್ಲಗೆ ಬೆಳೆದು ಅದನ್ನು ಅಪ್ಪಿಕೊಳ್ಳುತ್ತದೆ. ಆದರೆ ಒಂದು ಷರತ್ತು. ಮೊದಲ ಕೆಲವು ವಾರ ಕಾಂಡ ಬಹುತೇಕ ಅಲುಗಬಾರದು. ಹೆಜ್ಜೆ ಹೆಜ್ಜೆಗೂ ಆಗುವ ಜಾರಾಟ 40 ಮೈಕ್ರಾನ್‌ನ ಒಳಗಿದ್ದರೆ ಮೂಳೆ ಬೆಳೆಯುತ್ತದೆ. 150 ಮೈಕ್ರಾನ್ ದಾಟಿದರೆ ಮೂಳೆಯ ಬದಲು ನಾರಿನಂಥ ಪೊರೆ ಬೆಳೆಯುತ್ತದೆ. ತಲೆಕೂದಲಿನ ದಪ್ಪ 70 ಮೈಕ್ರಾನ್‌ನ ಆಸುಪಾಸು. ಅರ್ಧ ಕೂದಲಿಗೂ ಎರಡು ಕೂದಲಿಗೂ ಇರುವ ಅಂತರದಲ್ಲಿ ಇಪ್ಪತ್ತು ವರ್ಷದ ಭವಿಷ್ಯ ತೀರ್ಮಾನವಾಗುತ್ತದೆ ಅಂದ ಹಾಗಾಯಿತು.

ಇದನ್ನು ಅಳೆಯುವ ದಾರಿಯೂ ಇದೆ. 1970ರ ದಶಕದಲ್ಲಿ ಸ್ವೀಡನ್ನಿನ ಗೋರಾನ್ ಸೆಲ್ವಿಕ್ ಮೂಳೆಯೊಳಗೆ ಟ್ಯಾಂಟಲಂ ಎಂಬ ಲೋಹದ ಪುಟ್ಟ ಮಣಿಗಳನ್ನಿಟ್ಟು, ಏಕಕಾಲಕ್ಕೆ ಎರಡು ಕೋನದಿಂದ ಎಕ್ಸ್‌ರೇ ತೆಗೆದು, ಕಾಂಡ ಎಷ್ಟು ಸರಿದಿದೆ ಎಂದು ಮಿಲಿಮೀಟರಿನ ಭಾಗಗಳಲ್ಲಿ ಹೇಳುವ ವಿಧಾನ ಕಂಡುಹಿಡಿದರು. ಮೊದಲ ಎರಡು ವರ್ಷದಲ್ಲಿ ಜಾಸ್ತಿ ಸರಿದ ಕೀಲುಗಳೇ ಹತ್ತು ವರ್ಷದಲ್ಲಿ ಸಡಿಲವಾಗುವ ಸಂಭವ ಹೆಚ್ಚು ಎಂದು ಇದರಿಂದ ತಿಳಿಯಿತು. ಹೊಸ ಮಾದರಿಯೊಂದನ್ನು ಸಾವಿರಾರು ಜನರಿಗೆ ಹಾಕುವ ಮೊದಲು ಕೆಲವೇ ಕೆಲವರಲ್ಲಿ ಎರಡು ವರ್ಷ ಹೀಗೆ ಅಳೆದು ನೋಡಬಹುದು.

ಯಾವುದು ಮೇಲು ಎಂಬ ಜಗಳ ಐವತ್ತು ವರ್ಷದ್ದು. ಅಮೆರಿಕದಲ್ಲಿ ಬಹುಪಾಲು ಸಿಮೆಂಟ್ ಇಲ್ಲದ ಕಾಂಡ. ಸ್ವೀಡನ್ನಿನಲ್ಲಿ ಸಿಮೆಂಟ್‌ಗೆ ಮೊದಲಿಂದಲೂ ಮರ್ಯಾದೆ. ಎರಡೂ ಕಡೆಯವರು ಮೂರ್ಖರಲ್ಲ. ಯುವಕರ ಗಟ್ಟಿ ಮೂಳೆ ಒರಟು ಟೈಟಾನಿಯಂ ಅನ್ನು ಚೆನ್ನಾಗಿ ಅಪ್ಪುತ್ತದೆ. ಎಪ್ಪತ್ತು ದಾಟಿದವರ ಮೂಳೆ ತೆಳು, ಬಿಗಿಯಾಗಿ ಬಡಿದರೆ ಬಿರುಕು ಬಿಡುತ್ತದೆ. ಈ ವಯಸ್ಸಿನವರಿಗೆ ಸಿಮೆಂಟ್ ಹಾಕಿದ ಕಾಂಡದಲ್ಲಿ ಮೂಳೆ ಮುರಿತ ಕಡಿಮೆ ಎಂದು ಹಲವು ದೇಶಗಳ ದಾಖಲೆ ಹೇಳುತ್ತದೆ. ಆದರೂ ಪ್ರಪಂಚದಾದ್ಯಂತ ವಯಸ್ಸಾದವರಿಗೂ ಸಿಮೆಂಟ್ ಇಲ್ಲದ ಕಾಂಡದ ಬಳಕೆ ಹೆಚ್ಚುತ್ತಲೇ ಬಂತು. ಅದಕ್ಕೆ ಸಮಯ ಕಡಿಮೆ ಸಾಕು, ಅದು ಹೊಸತಾಗಿಯೂ ಕಾಣುತ್ತದೆ. ಅಂಕಿ ಒಂದು ಕಡೆ ಎಳೆದರೆ ಫ್ಯಾಷನ್ ಇನ್ನೊಂದು ಕಡೆ ಎಳೆಯುವುದು ಆಸ್ಪತ್ರೆಯಲ್ಲೂ ಉಂಟು.

ಇನ್ನೊಂದು ಸೂಕ್ಷ್ಮ. ಮೂಳೆಗೆ ಕೆಲಸ ಕೊಟ್ಟರೆ ದಪ್ಪವಾಗುತ್ತದೆ, ಕೊಡದಿದ್ದರೆ ಸೊರಗುತ್ತದೆ. ಕೋಬಾಲ್ಟ್-ಕ್ರೋಮಿಯಂ ಲೋಹ ಮೂಳೆಗಿಂತ ಸುಮಾರು ಹತ್ತು ಪಟ್ಟು ಬಿಗಿ, ಟೈಟಾನಿಯಂ ಅದರ ಅರ್ಧ. ಬಿಗಿ ಕಾಂಡ ಭಾರವನ್ನೆಲ್ಲ ತಾನೇ ಹೊತ್ತರೆ ಪಕ್ಕದ ಮೂಳೆ ಕೆಲಸವಿಲ್ಲದೆ ತೆಳುವಾಗುತ್ತದೆ. ಗಟ್ಟಿ ಲೋಹ ಒಳ್ಳೆಯದು ಎಂಬ ಅಂಗಡಿಯ ಲೆಕ್ಕ ಇಲ್ಲಿ ತಲೆಕೆಳಗು.

ಬಿಗಿಯಾಗುವ ಬೆಣೆ, ಸೀಳುವ ಬೆಣೆ

ಈಗ 2024ರ ಎಚ್ಚರಿಕೆಗೆ ಬರೋಣ. ಸಿಪಿಟಿ ಎಂಬುದು ನುಣ್ಣಗೆ ಉಜ್ಜಿದ, ಕೆಳಗೆ ಚೂಪಾಗುತ್ತ ಹೋಗುವ ಕಾಂಡ. ಸಿಮೆಂಟಿನೊಳಗೆ ಕೂರುತ್ತದೆ. ಇದು ಸಿಮೆಂಟಿಗೆ ಅಂಟಿಕೊಳ್ಳಲೇಬಾರದು ಎಂಬುದು ಇದರ ಹಿಂದಿನ ಯೋಚನೆ. ಭಾರ ಬಿದ್ದಾಗ ಕಾಂಡ ಒಂದೆರಡು ಮಿಲಿಮೀಟರ್ ಕೆಳಗೆ ಜಾರಿ ಬೆಣೆಯಂತೆ ಬಿಗಿಯಾಗುತ್ತದೆ. 1970ರಿಂದ ಬಳಕೆಯಲ್ಲಿರುವ ಎಕ್ಸಿಟರ್ ಕಾಂಡದ್ದೂ ಇದೇ ತತ್ವ, ಮತ್ತು ಅದರ ದಾಖಲೆ ತುಂಬಾ ಒಳ್ಳೆಯದು.

ಆದರೆ ಬೆಣೆಗೆ ಎರಡು ಗುಣ. ನಿಧಾನ ಭಾರಕ್ಕೆ ಬಿಗಿಯಾಗುತ್ತದೆ, ಪೆಟ್ಟಿಗೆ ಸೀಳುತ್ತದೆ. ಸೌದೆ ಸೀಳುವವರಿಗೆ ಹೇಳಿಕೊಡಬೇಕಾಗಿಲ್ಲ. ಮುದುಕರು ಬಿದ್ದಾಗ ಕಾಂಡ ಫಕ್ಕನೆ ಕೆಳಕ್ಕೆ ಒತ್ತಿ, ತಿರುಗಿ, ತೆಳುವಾದ ತೊಡೆಮೂಳೆಯನ್ನು ಒಡೆಯುತ್ತದೆ. ಎಕ್ಸಿಟರ್ ಸ್ಟೇನ್‌ಲೆಸ್ ಸ್ಟೀಲಿನದು, ಸಿಪಿಟಿ ಕೋಬಾಲ್ಟ್-ಕ್ರೋಮಿಯಂನದು. ಒಂದೇ ತತ್ವ, ಬೇರೆ ಲೋಹ, ಬೇರೆ ಫಲಿತಾಂಶ. ಬ್ರಿಟನ್ನಿನ ದಾಖಲೆಗಳಲ್ಲಿ ಈ ವ್ಯತ್ಯಾಸ ಕಂಡಿತು, ಕಂಪನಿ ಆ ಕಾಂಡವನ್ನು ಹಂತಹಂತವಾಗಿ ಕೈಬಿಡುವುದಾಗಿ ಹೇಳಿತು.

ಅದು ಈಗಾಗಲೇ ಮೈಯಲ್ಲಿರುವವರು ಏನು ಮಾಡಬೇಕು? ಚೆನ್ನಾಗಿ ಕೆಲಸ ಮಾಡುತ್ತಿರುವ, ನೋವಿಲ್ಲದ ಕೀಲನ್ನು ಇದಕ್ಕಾಗಿ ತೆಗೆಸಬೇಕಾಗಿಲ್ಲ. ಬೀಳದಂತೆ ನೋಡಿಕೊಳ್ಳಬೇಕು. ಮತ್ತೆ, ಎಲ್ಲ ಕೃತಕ ಸೊಂಟವೂ ಅಪಾಯ ಎಂದು ಆ ಸುದ್ದಿಯ ಅರ್ಥವಲ್ಲ. ಒಂದು ಮಾದರಿಯ ದೋಷವನ್ನು ಲಕ್ಷಾಂತರ ದಾಖಲೆಗಳ ನಡುವಿನಿಂದ ಹೆಕ್ಕಿ ತೆಗೆಯುವ ವ್ಯವಸ್ಥೆ ಬ್ರಿಟನ್ನಿನಲ್ಲಿ ಇದೆ ಎಂಬುದು ಅದರ ಅರ್ಥ.

ಕೈಯೋ, ರೋಬೊವೋ

ಒಳ್ಳೆಯ ಕೀಲನ್ನೂ ತಪ್ಪು ಕೋನದಲ್ಲಿ ಕೂರಿಸಿದರೆ ಬೇಗ ಕೆಡುತ್ತದೆ. ಕಪ್ ತುಂಬಾ ನೆಟ್ಟಗೆ ನಿಂತರೆ ಭಾರವೆಲ್ಲ ಅಂಚಿನ ಮೇಲೆ ಬಿದ್ದು ಅಲ್ಲಿ ಬೇಗ ಸವೆತ. ಮುಂದಕ್ಕೋ ಹಿಂದಕ್ಕೋ ಜಾಸ್ತಿ ತಿರುಗಿದ್ದರೆ ಚೆಂಡು ಜಾರಿ ಹೊರಬರುತ್ತದೆ. ಕಪ್ 40 ಡಿಗ್ರಿ ಓರೆ, 15 ಡಿಗ್ರಿ ಮುಂದಕ್ಕೆ, ಎರಡರಲ್ಲೂ ಹತ್ತು ಡಿಗ್ರಿ ಆಚೀಚೆ ಇರಬಹುದು ಎಂಬ ‘ಸುರಕ್ಷಿತ ವಲಯ’ದ ಲೆಕ್ಕ 1978ರದ್ದು. ಆ ವಲಯದ ಒಳಗೆ ಕೂರಿಸಿದವೂ ಜಾರುತ್ತವೆ ಎಂದು ಆಮೇಲೆ ತಿಳಿಯಿತು. ಕೂತಾಗ, ನಿಂತಾಗ ಸೊಂಟದ ಮೂಳೆ ವಾಲುವುದು ಒಬ್ಬೊಬ್ಬರದ್ದು ಒಂದೊಂದು ರೀತಿ. ಬೆನ್ನುಮೂಳೆಯ ಆಪರೇಷನ್ ಆಗಿ ಬೆನ್ನು ಬಿಗಿಯಾದವರಿಗೆ ಚೆಂಡು ಜಾರುವ ಅಪಾಯ ಹೆಚ್ಚು.

ರೋಬೊ ಇಲ್ಲಿ ಕೆಲಸಕ್ಕೆ ಬರುತ್ತದೆ. ಅಂದುಕೊಂಡ ಕೋನಕ್ಕೆ ಕಪ್ ಕೂರಿಸುವುದರಲ್ಲಿ ಅದು ನಿಖರ, ಅದರಲ್ಲಿ ಸಂಶಯವಿಲ್ಲ. ಆದರೆ ರೋಬೊ ಕೂರಿಸಿದ ಸೊಂಟ ಇಪ್ಪತ್ತು ವರ್ಷಕ್ಕೆ ಜಾಸ್ತಿ ಉಳಿಯುತ್ತದೆ ಎಂಬುದಕ್ಕೆ ಇನ್ನೂ ಆಧಾರವಿಲ್ಲ. ಕೋನ ಯಾವುದಿರಬೇಕು ಎಂದು ಅಂದುಕೊಳ್ಳುವವರು ಡಾಕ್ಟರೇ. ಫಲಕದ ದೊಡ್ಡ ಅಕ್ಷರಕ್ಕೆ ಕೊಡುವ ತೂಕವನ್ನು ಆ ಡಾಕ್ಟರ್ ವರ್ಷಕ್ಕೆ ಎಷ್ಟು ಸೊಂಟ ಮಾಡುತ್ತಾರೆ ಎಂಬ ಸಣ್ಣ ಪ್ರಶ್ನೆಗೆ ಕೊಟ್ಟರೆ ಒಳ್ಳೆಯದು. ಕೆನಡಾದ ಒಂಟಾರಿಯೊ ಪ್ರಾಂತ್ಯದ ದಾಖಲೆ ನೋಡಿ 2014ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ವರ್ಷಕ್ಕೆ 35ಕ್ಕಿಂತ ಕಡಿಮೆ ಮಾಡುವವರ ರೋಗಿಗಳಲ್ಲಿ ಚೆಂಡು ಜಾರುವುದೂ ಬೇಗ ಮರು ಆಪರೇಷನ್ ಆಗುವುದೂ ಹೆಚ್ಚಿತ್ತು.

ಸೋಂಕಿನ ಮಾತು ಚಿಕ್ಕದಾಗಿ ಹೇಳಿ ಮುಗಿಸಬಹುದು, ವಿಷಯ ಚಿಕ್ಕದಲ್ಲ. ಲೋಹದ ಮೇಲೆ ರೋಗಾಣುಗಳು ಲೋಳೆಯ ಪದರ ಕಟ್ಟಿಕೊಂಡರೆ ಮಾತ್ರೆ, ಇಂಜೆಕ್ಷನ್ ಯಾವುದೂ ಒಳಗೆ ತಲುಪುವುದಿಲ್ಲ. ಎಷ್ಟೋ ಸಲ ಕೀಲನ್ನೇ ತೆಗೆಯಬೇಕಾಗುತ್ತದೆ. ಸಕ್ಕರೆ ಕಾಯಿಲೆ ಹಿಡಿತದಲ್ಲಿಲ್ಲದಿದ್ದರೆ, ಬೀಡಿ ಸಿಗರೇಟು ಬಿಡದಿದ್ದರೆ, ಹುಳುಕು ಹಲ್ಲು ಹಾಗೆಯೇ ಇದ್ದರೆ ಡಾಕ್ಟರು ಆಪರೇಷನ್ ಮುಂದೂಡುವುದು ಇದಕ್ಕೇ. ಸತಾಯಿಸುತ್ತಿದ್ದಾರೆ ಎಂದುಕೊಳ್ಳಬೇಡಿ.

ನೆಲದಲ್ಲಿ ಕೂರುವ ಊರು

ಮೇಲಿನ ಲೆಕ್ಕವೆಲ್ಲ ಕುರ್ಚಿ ಮೇಲೆ ಕೂರುವ ದೇಶಗಳದ್ದು. ನಮ್ಮಲ್ಲಿ ಬೀಡಿ ಕಟ್ಟುವ ಹೆಂಗಸರು ಗೆರಸೆಯನ್ನು ತೊಡೆ ಮೇಲಿಟ್ಟು ದಿನವಿಡೀ ನೆಲದಲ್ಲಿ ಕೂರುತ್ತಾರೆ. ಅಡಿಕೆ ಸುಲಿಯುವುದು, ಮೀನು ಮಾರುವುದು, ಮೆಟ್ಟುಕತ್ತಿಯಲ್ಲಿ ತರಕಾರಿ ಹೆಚ್ಚುವುದು, ಮಠದ ಪಂಕ್ತಿಯಲ್ಲಿ ಊಟಕ್ಕೆ ಕೂರುವುದು, ನಮಾಜಿಗೆ ಬಾಗುವುದು, ಎಲ್ಲವೂ ನೆಲದ್ದೇ. ಹಳೆ ಮನೆಗಳಲ್ಲಿ ಕುಕ್ಕರುಗಾಲಿನ ಪಾಯಿಖಾನೆ ಬೇರೆ. ಹಾಗೆ ಆಳವಾಗಿ ಮಡಚಿದಾಗ ಕಾಂಡದ ಕುತ್ತಿಗೆ ಕಪ್ಪಿನ ಅಂಚಿಗೆ ತಾಗಿ, ಸನ್ನೆಕೋಲಿನ ಹಾಗೆ ಚೆಂಡನ್ನು ಎಬ್ಬಿಸುತ್ತದೆ. ಜಾರದಿದ್ದರೂ ಪದೇ ಪದೇ ತಾಗಿದಲ್ಲಿ ಲೈನರ್ ಏಟು ತಿನ್ನುತ್ತದೆ.

ಇದರಲ್ಲಿ ಡಾಕ್ಟರುಗಳದ್ದೇ ಎರಡು ಪಕ್ಷ. ನೆಲದಲ್ಲಿ ಕೂರಲೇಬಾರದು ಎನ್ನುವವರು ಒಂದು ಕಡೆ. ಚಾರ್ನ್‌ಲಿ ಕಾಲದ ಚೆಂಡು 22 ಮಿಲಿಮೀಟರಿನದು, ಈಗ 32, 36 ಮಿಲಿಮೀಟರಿನದು ಬಂದಿದೆ, ದೊಡ್ಡ ಚೆಂಡು ಅಷ್ಟು ಸುಲಭಕ್ಕೆ ಜಾರುವುದಿಲ್ಲ, ಮೂರು ತಿಂಗಳು ಕಳೆದ ಮೇಲೆ ಎಚ್ಚರದಿಂದ ಕೂರಲಿ ಎನ್ನುವವರು ಇನ್ನೊಂದು ಕಡೆ. ಒಳಗೊಂದು ಹೊರಗೊಂದು ಎಂದು ಎರಡು ಕಡೆ ತಿರುಗುವ ‘ಡ್ಯುಯಲ್ ಮೊಬಿಲಿಟಿ’ ಕಪ್ಪೂ ಇದೆ, 1970ರ ದಶಕದ ಫ್ರಾನ್ಸಿನ ಕೊಡುಗೆ. ಎರಡನೆಯ ಪಕ್ಷದ ಮಾತು ಬದುಕಿಗೆ ಹತ್ತಿರ. ಆದರೆ ಅದು ಎಲ್ಲರಿಗೂ ಅನ್ವಯವಾಗುವ ಪರವಾನಗಿಯಲ್ಲ, ಅವರವರ ಕಪ್ ಕೂತ ಕೋನದ ಮೇಲೆ ಹೋಗುತ್ತದೆ. ರೋಗಿ ನೆಲದಲ್ಲಿ ಕೂತು ದುಡಿಯುವವರು ಎಂಬುದನ್ನು ಆಪರೇಷನ್ನಿಗೆ ಮೊದಲೇ ಹೇಳಬೇಕು. ಆಮೇಲೆ ಹೇಳಿದರೆ ಕೋನ ಬದಲಿಸಲು ಆಗುವುದಿಲ್ಲ.

ಇನ್ನು ಮಳೆಗಾಲ. ಜೂನ್ ತಿಂಗಳಿಂದ ನಾಲ್ಕು ತಿಂಗಳು ಅಂಗಳದಲ್ಲಿ ಪಾಚಿ. ಸೋಗೆ ಹಾಸಿ, ಬ್ಲೀಚಿಂಗ್ ಪೌಡರ್ ಹಾಕಿ ಉಜ್ಜಿ, ಏನೇ ಮಾಡಿದರೂ ಬಚ್ಚಲ ಹಾದಿಯಲ್ಲಿ ಜಾರುವುದು ತಪ್ಪದು. ಬೆಣೆಯ ಕಥೆ ಓದಿದ ಮೇಲೆ ಇದು ಯಾಕೆ ಇಲ್ಲಿ ಬಂತು ಎಂದು ಬಿಡಿಸಿ ಹೇಳಬೇಕಾಗಿಲ್ಲ.

ಯಾವ ವಯಸ್ಸಿಗೆ

ಬ್ರಿಟನ್ನಿನ ಮಂಡಿ ಮತ್ತು ಸೊಂಟದ ರೋಗಿಗಳನ್ನು ನೋಡಿ 2017ರಲ್ಲಿ ಲೆಕ್ಕ ಹಾಕಿದರು. ಎಪ್ಪತ್ತು ದಾಟಿ ಕೀಲು ಹಾಕಿಸಿಕೊಂಡವರಲ್ಲಿ ಜೀವಮಾನದಲ್ಲಿ ಮರು ಆಪರೇಷನ್ ಬೇಕಾಗುವುದು ಸುಮಾರು ಶೇ 5 ಮಂದಿಗೆ. ಐವತ್ತರ ಆರಂಭದಲ್ಲಿ ಹಾಕಿಸಿಕೊಂಡ ಗಂಡಸರಲ್ಲಿ ಇದು ಶೇ 35ರವರೆಗೆ ಹೋಗುತ್ತದೆ. ಚಿಕ್ಕವರು ಜಾಸ್ತಿ ನಡೆಯುತ್ತಾರೆ, ಜಾಸ್ತಿ ಹೊರುತ್ತಾರೆ, ಜಾಸ್ತಿ ವರ್ಷ ಬದುಕುತ್ತಾರೆ. ಕೀಲಿಗೆ ಮೂರೂ ಭಾರ.

ಭಾರತದ ಕಷ್ಟ ಇಲ್ಲಿದೆ. ಪಶ್ಚಿಮದಲ್ಲಿ ಸೊಂಟ ಬದಲಿಸುವುದು ಹೆಚ್ಚಾಗಿ ವಯಸ್ಸಿನ ಸವೆತಕ್ಕೆ. ನಮ್ಮಲ್ಲಿ ದೊಡ್ಡ ಪಾಲು ಎವಿಎನ್‌ಗೆ, ಅಂದರೆ ಚೆಂಡಿಗೆ ರಕ್ತ ಹರಿಯುವುದು ನಿಂತು ಮೂಳೆ ಸಾಯುವ ಕಾಯಿಲೆಗೆ. ಸ್ಟಿರಾಯ್ಡ್, ಮದ್ಯ, ಹಳೆಯ ಪೆಟ್ಟು ಇದಕ್ಕೆ ಮುಖ್ಯ ಕಾರಣ. ಕೋವಿಡ್ ಹೊತ್ತಿಗೆ ಸ್ಟಿರಾಯ್ಡ್ ತೆಗೆದುಕೊಂಡ ಕೆಲವರಲ್ಲೂ ಕಂಡಿತು. ಬರುವುದು ಮೂವತ್ತು, ನಲವತ್ತರಲ್ಲಿ. ಘಟ್ಟದ ಮೇಲೆ, ಸಾಗರ ತಾಲೂಕಿನ ಸುತ್ತಮುತ್ತ 1970ರ ದಶಕದಿಂದ ಗುರುತಿಸಿರುವ ಹಂದಿಗೋಡು ಕಾಯಿಲೆ ವಂಶಪಾರಂಪರ್ಯವಾದದ್ದು. ಅದು ಸೊಂಟದ ಕೀಲನ್ನು ಇನ್ನೂ ಎಳೆಯ ವಯಸ್ಸಿನಲ್ಲೇ ಹಾಳು ಮಾಡುತ್ತದೆ.

ಇಂಥವರಿಗೆ ಕೆಲವು ವೈದ್ಯರು ‘ತಡೆದುಕೊಳ್ಳಿ, ಎಷ್ಟು ಮುಂದೂಡಿದರೆ ಅಷ್ಟು ಒಳ್ಳೆಯದು’ ಎನ್ನುತ್ತಾರೆ. ಇನ್ನು ಕೆಲವರು ‘ದುಡಿಯುವ ವಯಸ್ಸನ್ನು ಕುಂಟುತ್ತ ಕಳೆದು ಅರುವತ್ತಕ್ಕೆ ಹೊಸ ಸೊಂಟ ಹಾಕಿಸಿ ಏನು ಲಾಭ’ ಎಂದು ಕೇಳುತ್ತಾರೆ. ಹೊಸ ಪ್ಲಾಸ್ಟಿಕ್ ಬಂದ ಮೇಲೆ ಎರಡನೆಯ ವಾದಕ್ಕೆ ಬಲ ಬಂದಿದೆ. ಆದರೆ ಎರಡನೆಯ ಆಪರೇಷನ್ ಮೊದಲನೆಯದರ ಹಾಗಲ್ಲ. ಹಳೆಯ ಕಾಂಡ ಕೀಳಬೇಕು, ಹೋದ ಮೂಳೆಯ ಜಾಗ ತುಂಬಬೇಕು. ಹೊತ್ತೂ ಖರ್ಚೂ ಸೋಂಕಿನ ಅಪಾಯವೂ ಜಾಸ್ತಿ, ಬಾಳಿಕೆ ಕಡಿಮೆ. ನಲವತ್ತರಲ್ಲಿ ಒಪ್ಪಿಗೆ ಪತ್ರಕ್ಕೆ ಸಹಿ ಹಾಕುವವರು ಒಂದಲ್ಲ, ಬಹುಶಃ ಎರಡು ಆಪರೇಷನ್ನಿಗೆ ಒಪ್ಪುತ್ತಿದ್ದಾರೆ. ಆ ಮಾತನ್ನು ಮೊದಲೇ ಬಾಯಿಬಿಟ್ಟು ಹೇಳಬೇಕು.

ಪತ್ತೆಯಾಗದ 3,600 ಮಂದಿ

ಜಾನ್ಸನ್ ಆ್ಯಂಡ್ ಜಾನ್ಸನ್‌ಗೆ ಸೇರಿದ ಡೆಪ್ಯು ಕಂಪನಿಯ ‘ಎಎಸ್‌ಆರ್’ ಸೊಂಟ ಲೋಹದ ಮೇಲೆ ಲೋಹ ಉಜ್ಜುವ ಮಾದರಿ. ಪ್ಲಾಸ್ಟಿಕ್ ಇಲ್ಲದಿದ್ದರೆ ಪ್ಲಾಸ್ಟಿಕ್ ಪುಡಿಯೂ ಇಲ್ಲ ಎಂಬ ಯೋಚನೆ. ಬದಲಿಗೆ ಕೋಬಾಲ್ಟ್, ಕ್ರೋಮಿಯಂ ಪುಡಿ ಬಂತು. ಕೀಲಿನ ಸುತ್ತ ಗಡ್ಡೆಯಂಥ ಊತ, ರಕ್ತದಲ್ಲಿ ಲೋಹ. ಐದು ವರ್ಷದಲ್ಲೇ ಎಂಟರಲ್ಲಿ ಒಂದನ್ನು ತೆಗೆಯಬೇಕಾಯಿತು. ಆಸ್ಟ್ರೇಲಿಯಾದ ರಾಷ್ಟ್ರೀಯ ದಾಖಲೆಯಲ್ಲಿ ಅಪಸ್ವರ ಮೊದಲೇ ಕೇಳಿತ್ತು. ಅಲ್ಲಿ 2009ರ ಡಿಸೆಂಬರ್‌ನಲ್ಲೇ ಅದು ಮಾರುಕಟ್ಟೆಯಿಂದ ಹೋಯಿತು. ಪ್ರಪಂಚದಾದ್ಯಂತ ವಾಪಸ್ ಕರೆಸಿಕೊಂಡದ್ದು 2010ರ ಆಗಸ್ಟ್‌ನಲ್ಲಿ.

ಭಾರತದಲ್ಲಿ ಸುಮಾರು 4,700 ಆಪರೇಷನ್‌ಗಳಲ್ಲಿ ಅದನ್ನು ಹಾಕಲಾಗಿತ್ತು. ಕೇಂದ್ರ ಸರಕಾರ ತಜ್ಞರ ಸಮಿತಿ ಮಾಡಿದ್ದು 2017ರಲ್ಲಿ. ಸಮಿತಿ ಹುಡುಕಲು ಹೊರಟಾಗ ಸುಮಾರು 3,600 ಮಂದಿ ಎಲ್ಲಿದ್ದಾರೆ ಎಂಬುದೇ ಗೊತ್ತಾಗಲಿಲ್ಲ. 2018ರ ಕೊನೆಗೆ 30 ಲಕ್ಷದಿಂದ 1.23 ಕೋಟಿ ರೂಪಾಯಿವರೆಗೆ ಪರಿಹಾರದ ಸೂತ್ರ ಬಂತು. ಹಣ ಇಟ್ಟುಕೊಂಡು ಜನರನ್ನು ಹುಡುಕುವ ಸ್ಥಿತಿ.

ಸ್ವೀಡನ್ 1979ರಿಂದ ಒಂದೊಂದು ಸೊಂಟವನ್ನೂ ಬರೆದಿಡುತ್ತಿದೆ. ಭಾರತದಲ್ಲಿ ಸೊಂಟ-ಮಂಡಿ ಶಸ್ತ್ರಚಿಕಿತ್ಸಕರ ಸಂಘ 2006ರಲ್ಲಿ ದಾಖಲಾತಿ ಶುರು ಮಾಡಿತು. ಆದರೆ ಅದು ಇಷ್ಟವಿದ್ದವರು ಕೊಡುವ ಲೆಕ್ಕ. ಕಡ್ಡಾಯ ಮಾಡಿ ಎನ್ನುವವರ ವಾದ ಸರಳ: ಬರೆಯದಿದ್ದರೆ ದೋಷ ಕಾಣುವುದಿಲ್ಲ. ಹಿಂಜರಿಯುವವರಿಗೂ ಕಾರಣಗಳಿವೆ. ಕಷ್ಟದ ಕೇಸುಗಳನ್ನು ತೆಗೆದುಕೊಳ್ಳುವ ವೈದ್ಯರ ಅಂಕಿ ಕೆಟ್ಟದಾಗಿ ಕಾಣುತ್ತದೆ, ಸಣ್ಣ ಆಸ್ಪತ್ರೆಗೆ ಬರೆಯಲು ಜನವಿಲ್ಲ, ರೋಗಿಯ ಗುಟ್ಟು ಸೋರಬಹುದು. ಮೂರಕ್ಕೂ ಬೇರೆ ದೇಶಗಳು ಪರಿಹಾರ ಕಂಡುಕೊಂಡಿವೆ. ಬರೆಯದಿದ್ದರೆ ಆಗುವ ನಷ್ಟಕ್ಕೆ ಪರಿಹಾರವಿಲ್ಲ. ಎವಿಎನ್ ಆದ ಮೂವತ್ತೈದರ ಯುವಕನಿಗೆ, ನೆಲದಲ್ಲಿ ಕೂತು ಬೀಡಿ ಕಟ್ಟುವವರಿಗೆ ಯಾವ ಕೀಲು ಎಷ್ಟು ಬಾಳುತ್ತದೆ ಎಂದು ಫಿನ್ಲೆಂಡಿನ ಲೆಕ್ಕ ಹೇಳಲಾರದು. ಮಂಗಳೂರು-ಮಣಿಪಾಲದ ನಡುವೆಯೇ ಹಲವು ವೈದ್ಯಕೀಯ ಕಾಲೇಜುಗಳಿವೆ. ಕಾಸರಗೋಡಿನಿಂದ ಕಾರವಾರದವರೆಗಿನ ರೋಗಿಗಳು ಇಲ್ಲಿಗೇ ಬರುತ್ತಾರೆ. ಇಷ್ಟೇ ಆಸ್ಪತ್ರೆಗಳು ಸೇರಿ ಒಂದೇ ಪುಸ್ತಕದಲ್ಲಿ ಬರೆದಿಡಲು ದಿಲ್ಲಿಯ ಆದೇಶಕ್ಕೆ ಕಾಯಬೇಕಾಗಿಲ್ಲ.

ಅಲ್ಲಿಯವರೆಗೆ ರೋಗಿಯ ಕೈಯಲ್ಲಿರುವ ದಾಖಲೆ ಒಂದು ಸ್ಟಿಕ್ಕರ್. ಪ್ರತಿ ಕೀಲಿನ ಪೆಟ್ಟಿಗೆಯಲ್ಲೂ ಕಂಪನಿ, ಮಾದರಿ, ಅಳತೆ, ಲಾಟ್ ನಂಬರ್ ಇರುವ ಸ್ಟಿಕ್ಕರುಗಳು ಬರುತ್ತವೆ. ಆಪರೇಷನ್ ಥಿಯೇಟರಿನಲ್ಲಿ ಅದನ್ನು ಕಿತ್ತು ರೋಗಿಯ ಫೈಲಿಗೆ ಅಂಟಿಸುತ್ತಾರೆ. ಕಾಂಡಕ್ಕೊಂದು, ಚೆಂಡಿಗೊಂದು, ಕಪ್ಪಿಗೊಂದು, ಲೈನರಿಗೊಂದು. ಡಿಸ್ಚಾರ್ಜ್ ದಿನ ಬಿಲ್ಲಿನ ಗಡಿಬಿಡಿಯಲ್ಲಿ ಯಾರೂ ಕೇಳುವುದಿಲ್ಲ. ನಾಲ್ಕರ ಪ್ರತಿಯನ್ನೂ ಕೇಳಿ ಪಡೆಯಬೇಕು. ಹತ್ತು ವರ್ಷದ ಮೇಲೆ ಎಲ್ಲಿಂದಲೋ ಒಂದು ಎಚ್ಚರಿಕೆಯ ಸುದ್ದಿ ಬಂದರೆ, ಅದು ತನಗೆ ಸಂಬಂಧಿಸಿದ್ದೋ ಅಲ್ಲವೋ ಎಂದು ಹೇಳಬಲ್ಲದ್ದು ಆ ಲಾಟ್ ನಂಬರ್.